ಆರ್.ಎಚ್. ಕ್ಯಾಂಪಿನ ಹಿರಿಯರಿಗೆ ಪೌರತ್ವ: ಸಿಎಎ ಅರ್ಜಿ ಹಾಕುವವರು ತಿಳಿದಿರಬೇಕಾದದ್ದು

ಸಿಂಧನೂರು ತಾಲ್ಲೂಕಿನ ನಮ್ಮ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಬಂಗಾಳಿ ಮಾತಾಡುವ ಕುಟುಂಬಗಳು ಐವತ್ತು ವರ್ಷಗಳಿಂದ ಇವೆ. ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದ್ದಾರೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಭತ್ತ ಬೆಳೆದಿದ್ದಾರೆ. ಆದರೂ ಹಿರಿಯರಲ್ಲಿ ಅನೇಕರ ಬಳಿ ‘ನಾನು ಭಾರತದ ಪೌರ’ ಎಂದು ಹೇಳುವ ಒಂದೇ ಒಂದು ಕಾಗದ ಇರಲಿಲ್ಲ. ಪೂರ್ವ ಬಂಗಾಳದಿಂದ ಬಂದವರು, ಆಮೇಲೆ ಅವರ ಬೆನ್ನಿಗೆ ಬಂದ ಬಂಧುಗಳು, ಅಲ್ಲಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು, ಇವರೆಲ್ಲರ ಸ್ಥಿತಿ ಅದೇ. ಕ್ಯಾಂಪಿನ ನಾವು ಕೆಲವರು ಸೇರಿ ಇಂಥ ಹಿರಿಯರ ಅರ್ಜಿಗಳನ್ನು ಪೌರತ್ವ ತಿದ್ದುಪಡಿ ಕಾಯ್ದೆಯಡಿ (ಸಿಎಎ) ಹಾಕಿಸಿದೆವು. ಪ್ರಮಾಣಪತ್ರ ಕೈಗೆ ಬಂದಿದೆ. ದಾರಿಯಲ್ಲಿ ಎಲ್ಲೆಲ್ಲಿ ಎಡವಬಹುದೆಂಬುದು ಇನ್ನೂ ಮನಸ್ಸಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇವೆ.

ಮೊದಲ ಕೆಲಸ ಅರ್ಜಿ ತುಂಬುವುದಲ್ಲ, ಯಾರಿಗೆ ಅರ್ಜಿಯೇ ಬೇಡ ಎಂದು ಬೇರ್ಪಡಿಸುವುದು. 1955ರ ಪೌರತ್ವ ಕಾಯ್ದೆಯಂತೆ, ಗಣರಾಜ್ಯವಾದ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚಿನವರೆಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ತಂದೆತಾಯಿ ಎಲ್ಲಿಯವರು, ಯಾವ ಧರ್ಮದವರು ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ಕ್ಯಾಂಪಿನಲ್ಲೇ 1980ರಲ್ಲಿ ಹುಟ್ಟಿದವರಿಗೆ ಬೇಕಾದದ್ದು ಜನನ ಪ್ರಮಾಣಪತ್ರ ಅಥವಾ ಶಾಲೆಯ ಟಿ.ಸಿ., ಸಿಎಎ ಅಲ್ಲ. ಅಂಥವರು ಭಯಬಿದ್ದು ಅರ್ಜಿ ಹಾಕಿದರೆ, ಪೌರರಾಗಿದ್ದವರೇ ‘ನಾನು ಬಾಂಗ್ಲಾದೇಶದವನು’ ಎಂದು ಬರೆದುಕೊಟ್ಟಂತಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

1987ರ ಜುಲೈ 1ರಂದು ಅಥವಾ ಅದರ ನಂತರ ಹುಟ್ಟಿದ್ದರೆ, ಆಗ ತಂದೆ ಅಥವಾ ತಾಯಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ನಿಯಮ ಇನ್ನೂ ಬಿಗಿ: ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿ ಇನ್ನೊಬ್ಬರು ಅಕ್ರಮ ವಲಸಿಗರಲ್ಲದವರಾಗಿರಬೇಕು. ಹೀಗಾಗಿ ಒಂದೇ ಮನೆಯಲ್ಲಿ ಅಣ್ಣ ಪೌರ, ತಮ್ಮನದು ಪ್ರಶ್ನೆ ಎಂಬ ಸ್ಥಿತಿ ಬಂದಿದೆ. ಇದನ್ನು ವಿವರಿಸುವಾಗ ಮನೆಮನೆಯಲ್ಲೂ ಒಂದು ಮೌನ ಬರುತ್ತಿತ್ತು. ಇಂಥ ಮನೆಗಳಲ್ಲಿ ತಂದೆತಾಯಿಯ ಅರ್ಜಿಯನ್ನು ಮೊದಲು ಮುಗಿಸಿ. ಅವರು ಪೌರರಾದ ಮೇಲೆ ಮಕ್ಕಳಿಗೆ ಬೇರೆ ನಮೂನೆಗಳ ದಾರಿ ತೆರೆಯುತ್ತದೆ.

ಈಗ ಸಿಎಎ ಕಾಯ್ದೆಯ ಮಾತು. 2019ರ ಡಿಸೆಂಬರ್ 12ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, 2020ರ ಜನವರಿ 10ರಿಂದ ಜಾರಿ. ನಿಯಮಗಳು ಮಾತ್ರ 2024ರ ಮಾರ್ಚ್ 11ರಂದು ಬಂದವು. ಆಮೇಲೆಯೇ ಅರ್ಜಿ ಹಾಕಲು ಸಾಧ್ಯವಾದದ್ದು. ಮೂರು ಷರತ್ತುಗಳು ಒಟ್ಟಿಗೆ ಕೂಡಬೇಕು. ದೇಶ: ಪಾಕಿಸ್ತಾನ, ಬಾಂಗ್ಲಾದೇಶ ಅಥವಾ ಅಫ್ಘಾನಿಸ್ತಾನ. ಧರ್ಮ: ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ ಅಥವಾ ಕ್ರೈಸ್ತ. ದಿನಾಂಕ: 2014ರ ಡಿಸೆಂಬರ್ 31 ಅಥವಾ ಅದಕ್ಕೂ ಮುಂಚೆ ಭಾರತದೊಳಗೆ ಬಂದಿರಬೇಕು. ಇದರಲ್ಲಿ ಒಂದು ತಪ್ಪಿದರೂ ಈ ದಾರಿ ಇಲ್ಲ. ಶ್ರೀಲಂಕಾದ ತಮಿಳು ಹಿಂದೂಗಳಿಗಿಲ್ಲ, ದೇಶದ ಪಟ್ಟಿಯಲ್ಲಿ ಶ್ರೀಲಂಕಾ ಇಲ್ಲ. ಬೈಲಕುಪ್ಪೆಯ ಟಿಬೆಟನ್ನರು ಬೌದ್ಧರಾದರೂ ಅವರಿಗಿಲ್ಲ. ಅವರಲ್ಲಿ 1987ಕ್ಕೆ ಮುಂಚೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದ ಪೌರರೆಂದು ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿದ್ದು ಬೇರೆ ವಿಷಯ. ಬಾಂಗ್ಲಾದೇಶದಿಂದಲೇ ಬಂದ ಮುಸ್ಲಿಮರಿಗೂ ಇದು ಅನ್ವಯವಿಲ್ಲ. ಅವರ ಮನೆಯ ಹಳೆಯ ಕಾಗದಗಳು ನಮ್ಮ ಕಾಗದಗಳಂತೆಯೇ ಇರಬಹುದು, ಬಂದ ವರ್ಷವೂ ಅದೇ ಇರಬಹುದು. ಈ ಕಾರಣಕ್ಕೇ ಕಾಯ್ದೆಯನ್ನು ಪ್ರಶ್ನಿಸಿದ ಇನ್ನೂರಕ್ಕೂ ಹೆಚ್ಚು ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ಪೌರತ್ವಕ್ಕೆ ಧರ್ಮವನ್ನು ಕೇಳದ 1955ರ ಕಾಯ್ದೆಯೊಳಗೆ ಧರ್ಮಗಳ ಪಟ್ಟಿಯೊಂದು ಬಂದಿದೆ. ಅದರಿಂದ ನಮ್ಮ ಹಿರಿಯರಿಗೆ ನೆಲೆ ಸಿಕ್ಕಿದೆ, ನಿಜ. ಅಷ್ಟೇ ವರ್ಷ ಅಷ್ಟೇ ಕಷ್ಟಪಟ್ಟು ಬದುಕಿದ ಇನ್ನೊಬ್ಬರಿಗೆ ಸಿಕ್ಕಿಲ್ಲ ಎಂಬುದೂ ಅಷ್ಟೇ ನಿಜ. ಎರಡನ್ನೂ ಹೇಳದೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ.

ಕಾಗದ ಹುಡುಕುವ ಮೊದಲೇ ಎದುರಾದದ್ದು ಭಯ. ಮನೆಮನೆಗೆ ಹೋದಾಗ ಹಿರಿಯರೊಬ್ಬರು, ‘ಏನಪಾ, ಇಷ್ಟು ವರ್ಷ ಓಟು ಹಾಕೀವಲ್ಲ, ಅದೆಲ್ಲ ಸುಳ್ಳೇನು?’ ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಅರ್ಜಿಯಲ್ಲಿ ಮೂಲ ದೇಶ ಬರೆಯಬೇಕು, ಬಂದ ದಿನಾಂಕ ಬರೆಯಬೇಕು, ಈಗಿನ ಪೌರತ್ವವನ್ನು ಬಿಟ್ಟುಕೊಡುತ್ತೇನೆಂದು ಘೋಷಿಸಬೇಕು. ರೇಷನ್ ಕಾರ್ಡು, ಆಧಾರ್, ಮತದಾರರ ಚೀಟಿ ಎಲ್ಲ ಇಟ್ಟುಕೊಂಡವರು ‘ನಾನು ಹೊರಗಿನವನು’ ಎಂದು ಸಹಿ ಹಾಕುವುದು ಸುಲಭದ ಮಾತಲ್ಲ. ಅರ್ಜಿ ತಿರಸ್ಕೃತವಾದರೆ ಮುಂದೇನು ಎಂಬ ಅಂಜಿಕೆ ಕೊನೆಯವರೆಗೂ ಹೋಗಲಿಲ್ಲ. ಕಾಯ್ದೆಯ 6ಬಿ ಕಲಮಿನಲ್ಲಿ ಸಮಾಧಾನದ ಮಾತುಗಳಿವೆ: ಪೌರತ್ವ ಸಿಕ್ಕಿದರೆ ಭಾರತಕ್ಕೆ ಬಂದ ದಿನದಿಂದಲೇ ಪೌರರೆಂದು ಲೆಕ್ಕ, ಅಕ್ರಮ ವಲಸೆಯ ಕುರಿತ ಮೊಕದ್ದಮೆ ಇದ್ದರೆ ಅದು ಅಲ್ಲಿಗೇ ಮುಗಿಯುತ್ತದೆ, ಮೊಕದ್ದಮೆ ಇದೆಯೆಂಬ ಕಾರಣಕ್ಕೆ ಅರ್ಜಿ ತಳ್ಳುವಂತಿಲ್ಲ, ಅರ್ಜಿ ಹಾಕಿದ್ದಕ್ಕೆ ಆವರೆಗಿನ ಹಕ್ಕು ಸವಲತ್ತು ಕಸಿಯುವಂತಿಲ್ಲ. ಇದನ್ನು ಓದಿ ಹೇಳಿದ ಮೇಲೆಯೇ ಹಲವರು ಒಪ್ಪಿದ್ದು. ಯಾರಾದರೂ ಭಾರತದ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದರೆ ಮಾತ್ರ, ಅರ್ಜಿಗೆ ಮುಂಚೆ ವಕೀಲರ ಬಳಿ ಕೂತು ಮಾತಾಡಿ.

ನಮೂನೆಯ ಆಯ್ಕೆ ಮುಂದಿನ ಹೆಜ್ಜೆ. ಭಾರತೀಯ ಮೂಲದವರಿಗೆ 2ಎ, ಭಾರತೀಯ ಪೌರರನ್ನು ಮದುವೆಯಾದವರಿಗೆ 3ಎ, ಪೌರರ ಅಪ್ರಾಪ್ತ ಮಕ್ಕಳಿಗೆ 4ಎ, ಹೀಗೆ ಸಾಲು ಹೋಗಿ, ದೇಶೀಕರಣದ ಮೂಲಕ, ಅಂದರೆ ಇಲ್ಲಿ ವಾಸವಿದ್ದ ವರ್ಷಗಳ ಆಧಾರದ ಮೇಲೆ, ಪೌರತ್ವ ಕೇಳುವವರಿಗೆ 8ಎ. ತಾವು ಅಥವಾ ತಂದೆತಾಯಿಯಲ್ಲಿ ಒಬ್ಬರು ಅವಿಭಜಿತ ಭಾರತದಲ್ಲಿ ಹುಟ್ಟಿದ್ದರೆ ಅದು ‘ಭಾರತೀಯ ಮೂಲ’ವೇ. ಖುಲ್ನಾ, ಜೆಸ್ಸೋರ್, ಫರೀದಪುರ, ಬಾರಿಸಾಲ್ ಎಲ್ಲವೂ 1947ಕ್ಕೆ ಮುಂಚೆ ಅವಿಭಜಿತ ಭಾರತವಾಗಿದ್ದರಿಂದ ನಮ್ಮ ಹಿರಿಯರಲ್ಲಿ ಬಹುಪಾಲು ಜನ 2ಎಗೆ ಅರ್ಹರು. ಆದರೆ ಅಪ್ಪ ಅಥವಾ ಅಮ್ಮ ಅಲ್ಲಿ ಹುಟ್ಟಿದ್ದಕ್ಕೆ ಕಾಗದ ಎಲ್ಲಿದೆ? ಆ ಕಾಗದವಿಲ್ಲದವರಿಗೆ 8ಎ ಸೂಕ್ತ. ಸಾಮಾನ್ಯವಾಗಿ ದೇಶೀಕರಣಕ್ಕೆ ಅರ್ಜಿಗೆ ಹಿಂದಿನ 12 ತಿಂಗಳು ಇಲ್ಲೇ ಇದ್ದು, ಅದರ ಹಿಂದೆ ಒಟ್ಟು 11 ವರ್ಷದ ವಾಸ ಬೇಕು. ಸಿಎಎ ಆ 11ನ್ನು 5ಕ್ಕೆ ಇಳಿಸಿದೆ. ಕ್ಯಾಂಪಿನವರಿಗೆ ವಾಸದ ವರ್ಷಗಳು ಕಡಿಮೆಯಾಗುವ ಮಾತೇ ಇಲ್ಲ.

ಕಾಗದಗಳಿಗೆ ಮೂರು ಅನುಸೂಚಿಗಳಿವೆ. 1ಎ, ಮೂಲ ದೇಶಕ್ಕೆ ಪುರಾವೆ. 1ಬಿ, 2014ರ ಡಿಸೆಂಬರ್ 31ರೊಳಗೆ ಬಂದದ್ದಕ್ಕೆ ಪುರಾವೆ. 1ಸಿ, ಧರ್ಮಕ್ಕೆ ಪುರಾವೆ. ಅಲ್ಲಿ ಯಾಕೆ ಬಿಟ್ಟು ಬಂದಿರಿ, ಏನು ಹಿಂಸೆಯಾಯಿತು ಎನ್ನುವುದಕ್ಕೆ ಪುರಾವೆ ಕೇಳುವ ಅನುಸೂಚಿ ಇಲ್ಲ. ಹಿರಿಯರು ಹೇಳಿಕೊಳ್ಳಬೇಕೆಂದಿದ್ದ ಕಥೆ ಅದೊಂದೇ ಆಗಿತ್ತು.

1ಎ ಎಲ್ಲಕ್ಕಿಂತ ಕಠಿಣ. ಪಾಸ್‌ಪೋರ್ಟ್, ಜನನ ಪತ್ರ, ಶಾಲೆಯ ಪ್ರಮಾಣಪತ್ರ, ಸರ್ಕಾರದ ಯಾವುದೇ ಗುರುತಿನ ಚೀಟಿ, ಪರವಾನಗಿ, ಜಮೀನು ಅಥವಾ ಗೇಣಿ ದಾಖಲೆ, ಇಲ್ಲಿನ ವಿದೇಶೀಯರ ನೋಂದಣಿ ಕಚೇರಿ ಕೊಟ್ಟ ನೋಂದಣಿ ಪತ್ರ ಅಥವಾ ವಾಸದ ಪರವಾನಗಿ, ಇವುಗಳಲ್ಲಿ ಯಾವುದಾದರೂ ಆಗುತ್ತದೆ. ಅವಧಿ ಮುಗಿದ ಕಾಗದವೂ ನಡೆಯುತ್ತದೆ. ತಂದೆತಾಯಿ, ಅಜ್ಜಅಜ್ಜಿ, ಮುತ್ತಜ್ಜ ಮುತ್ತಜ್ಜಿಯಲ್ಲಿ ಒಬ್ಬರು ಆ ದೇಶದ ಪೌರರಾಗಿದ್ದರೆಂದು ತೋರಿಸುವ ದಾಖಲೆಯೂ ನಡೆಯುತ್ತದೆ. ರಾತ್ರೋರಾತ್ರಿ ಗಡಿ ದಾಟಿದವರು ಇವನ್ನೆಲ್ಲ ಎಲ್ಲಿಂದ ತರಬೇಕು? ಆ ದೂರು ಎಲ್ಲ ಕಡೆಯಿಂದ ಎದ್ದಾಗ 2024ರ ಜುಲೈನಲ್ಲಿ ಕೇಂದ್ರ ಸ್ಪಷ್ಟೀಕರಣ ಕೊಟ್ಟಿತು: ಭಾರತದ ಕೇಂದ್ರ ಅಥವಾ ರಾಜ್ಯ ಸರ್ಕಾರ, ನ್ಯಾಯಿಕ ಅಥವಾ ಅರೆನ್ಯಾಯಿಕ ಸಂಸ್ಥೆ ಕೊಟ್ಟ ದಾಖಲೆಯಲ್ಲಿ ಹಿರಿಯರು ಆ ದೇಶದವರೆಂದು ಇದ್ದರೂ ಸಾಕು. ಇದು ನಮಗೆ ಬಾಗಿಲು ತೆರೆಯಿತು. ಪುನರ್ವಸತಿಯ ಕಾಲದ ಗುರುತಿನ ಪತ್ರ, ಜಮೀನು ಹಂಚಿಕೆಯ ಆದೇಶ, ನಿರಾಶ್ರಿತರೆಂದು ಬರೆದ ಹಳೆಯ ಸರ್ಕಾರಿ ಪತ್ರ ಯಾವುದಿದ್ದರೂ ಹೊರತೆಗೆಯಿರಿ. ತಗಡಿನ ಪೆಟ್ಟಿಗೆಯ ತಳ, ದೇವರ ಫೋಟೋದ ಹಿಂಬದಿ, ಹಳೆ ಕ್ಯಾಲೆಂಡರಿನ ಸುರುಳಿ ಎಲ್ಲ ತಡಕಿ. ಬಂಗಾಳಿಯಲ್ಲಿರುವ ದಾಖಲೆಗೆ ನೋಟರಿಯ ಮುದ್ರೆಯಿರುವ ಅನುವಾದ ಜೊತೆಗಿರಲಿ.

1ಬಿಯಲ್ಲಿ ಇಪ್ಪತ್ತು ಬಗೆಯ ದಾಖಲೆಗಳಿವೆ, ಹಾಗಾಗಿ ಉಸಿರಾಡಲು ಜಾಗವಿದೆ. ವೀಸಾ, ರೇಷನ್ ಕಾರ್ಡು, ಆಧಾರ್, ಚಾಲನಾ ಪರವಾನಗಿ, ಪ್ಯಾನ್, ಬ್ಯಾಂಕ್ ಅಥವಾ ಅಂಚೆ ಖಾತೆ, ವಿಮೆ, ಕರೆಂಟ್ ಬಿಲ್, ಜನಗಣತಿಯವರು ಕೊಟ್ಟ ಚೀಟಿ, ಕೋರ್ಟಿನ ಕಾಗದ, ಭವಿಷ್ಯನಿಧಿ ದಾಖಲೆ, ಶಾಲೆಯ ಟಿ.ಸಿ., ಮದುವೆ ಪ್ರಮಾಣಪತ್ರ, ಗ್ರಾಮ ಪಂಚಾಯಿತಿಯ ಚುನಾಯಿತ ಸದಸ್ಯ ಅಥವಾ ಕಂದಾಯ ಅಧಿಕಾರಿಯ ಪ್ರಮಾಣಪತ್ರ ಎಲ್ಲ ಇದೆ. ಇಲ್ಲಿ ದಿನಾಂಕವೇ ಪ್ರಾಣ. ಈಚೆಗೆ ಇಳಿಸಿಕೊಂಡ ಆಧಾರಿನಲ್ಲಿ ಇಳಿಸಿಕೊಂಡ ದಿನಾಂಕವೂ ಇರುತ್ತದೆ, ಮೊದಲು ಕೊಟ್ಟ ದಿನಾಂಕವೂ ಇರುತ್ತದೆ. ಎರಡನೆಯದು 2014ರೊಳಗಿದೆಯೇ ನೋಡಿ. ರೇಷನ್ ಕಾರ್ಡನ್ನು ಹೊಸದಾಗಿ ಬದಲಿಸಿಕೊಂಡಿದ್ದರೆ ಅದರ ಮೇಲೆ ಹೊಸ ದಿನಾಂಕವಷ್ಟೇ ಇರುತ್ತದೆ. ಹಳೆಯದನ್ನು ಎಸೆದಿದ್ದರೆ ಅಂಚೆ ಕಚೇರಿಯ ಉಳಿತಾಯ ಪುಸ್ತಕದ ಮೊದಲ ಪುಟ ಒಳ್ಳೆಯ ಆಸರೆ.

ಹೆಂಗಸರ ಅರ್ಜಿಗಳೇ ನಮ್ಮನ್ನು ಹೆಚ್ಚು ಕಾಡಿದವು. ಜಮೀನು ಗಂಡನ ಹೆಸರಲ್ಲಿ, ಕರೆಂಟ್ ಮೀಟರು ಗಂಡನ ಹೆಸರಲ್ಲಿ, ಶಾಲೆಗೆ ಹೋಗಿಲ್ಲ, ಮದುವೆ ನೋಂದಣಿ ಇಲ್ಲ. ಅವರ ಹೆಸರು ಇರುವ ಹಳೆಯ ದಾಖಲೆ ಸಿಗುವ ಜಾಗಗಳೆಂದರೆ ಸ್ತ್ರೀಶಕ್ತಿ ಸಂಘದ ಬ್ಯಾಂಕ್ ಖಾತೆ, ಉದ್ಯೋಗ ಖಾತರಿಯ ಜಾಬ್ ಕಾರ್ಡು ಮತ್ತು ಅದರ ಕೂಲಿ ಜಮೆಯಾದ ಪಾಸ್‌ಬುಕ್ಕು. ಇವನ್ನು ಮೊದಲು ಹುಡುಕಿ. ಪಂಚಾಯಿತಿ ಸದಸ್ಯರ ಪ್ರಮಾಣಪತ್ರವನ್ನು ಒಂಟಿಯಾಗಿ ಕೊಡುವುದಕ್ಕಿಂತ ಇಂಥ ದಿನಾಂಕವಿರುವ ಕಾಗದದ ಜೊತೆ ಕೊಡುವುದು ಗಟ್ಟಿ.

ಇನ್ನು 1ಸಿ. ಊರಿನಲ್ಲಿ ಹೆಸರಿರುವ ಸಮುದಾಯ ಸಂಸ್ಥೆಯೊಂದು ತನ್ನ ತಲೆಬರಹದ ಕಾಗದದಲ್ಲಿ, ಈ ವ್ಯಕ್ತಿ ನಮಗೆ ತಿಳಿದಂತೆ ಇಂಥ ಧರ್ಮದ ಸಮುದಾಯಕ್ಕೆ ಸೇರಿದವರು, ಈಗಲೂ ಅದರಲ್ಲೇ ಇದ್ದಾರೆ ಎಂದು ಬರೆದು ಸಹಿ ಹಾಕಿ ಮುದ್ರೆ ಒತ್ತಬೇಕು. ‘ಈಗಲೂ ಇದ್ದಾರೆ’ ಎಂಬ ಮಾತು ಬಿಟ್ಟುಹೋಗಬಾರದು. ಗುಡಿಯ ಸಮಿತಿಗಳಲ್ಲಿ ಅನೇಕಕ್ಕೆ ನೋಂದಣಿ ಇಲ್ಲ, ಮುದ್ರೆ ಇಲ್ಲ. ನೋಂದಾಯಿತ ಸಂಸ್ಥೆಯೇ ಆಗಿರಬೇಕೆಂದು ನಮೂನೆ ಕೇಳದಿದ್ದರೂ, ನೋಂದಣಿ ಸಂಖ್ಯೆಯಿರುವ ಸಂಸ್ಥೆಯ ಪತ್ರವಾದರೆ ಪರಿಶೀಲನೆಯಲ್ಲಿ ಪ್ರಶ್ನೆ ಕಡಿಮೆ.

ಈ ಕಾಗದದ ಮುಂದೆ ನಮ್ಮ ಹಿರಿಯರಲ್ಲಿ ಕೆಲವರು ತಡೆದು ನಿಂತರು. ಕ್ಯಾಂಪಿನಲ್ಲಿ ಮತುವಾ ಪಂಥದ ಮನೆಗಳಿವೆ. 19ನೇ ಶತಮಾನದಲ್ಲಿ ಪೂರ್ವ ಬಂಗಾಳದ ಓರಾಕಾಂದಿಯ ಹರಿಚಾಂದ್ ಠಾಕೂರರು, ಅಸ್ಪೃಶ್ಯರೆಂದು ದೂರವಿಟ್ಟಿದ್ದ ನಮಶೂದ್ರ ಜಾತಿಯವರ ನಡುವೆ ಕಟ್ಟಿದ ಪಂಥ ಅದು. ಬ್ರಾಹ್ಮಣ ಪೌರೋಹಿತ್ಯವನ್ನೂ ಜಾತಿಯ ಮೇಲುಕೀಳನ್ನೂ ಒಪ್ಪದೆ, ಹರಿನಾಮ ಮತ್ತು ದುಡಿಮೆಯ ಮೇಲೆ ನಿಂತದ್ದು. ಅದಕ್ಕೆ ಅರ್ಜಿಯಲ್ಲಿ ಜಾಗವಿಲ್ಲ. ಆರು ಹೆಸರುಗಳಲ್ಲಿ ಒಂದನ್ನೇ ಆರಿಸಬೇಕು. ಅವರು ‘ಹಿಂದೂ’ ಎಂದು ಬರೆಸಿದರು. ಅದು ಸುಳ್ಳೇನಲ್ಲ, ಆದರೆ ಪೂರ್ತಿಯೂ ಅಲ್ಲ. ಅಲ್ಲಿ ಅವರನ್ನು ಓಡಿಸಿದವರು ‘ಹಿಂದೂಗಳು’ ಎಂದು ಕರೆದು ಓಡಿಸಿದರು, ಇಲ್ಲಿ ಸೇರಿಸಿಕೊಳ್ಳುವ ಕಾಯ್ದೆಯೂ ಅದೇ ಹೆಸರಿನಿಂದ ಸೇರಿಸಿಕೊಳ್ಳುತ್ತದೆ. ನಡುವಿನ ಬದುಕನ್ನೆಲ್ಲ ಅವರು ಬೇರೆ ಬೇರೆ ಹೆಸರುಗಳಲ್ಲಿ ಕಳೆದಿದ್ದಾರೆ: ಕೂಲಿಯವರು, ರೈತರು, ಕ್ಯಾಂಪಿನವರು. 1ಸಿ ಮೂರರಲ್ಲಿ ಎಲ್ಲಕ್ಕಿಂತ ಸುಲಭಕ್ಕೆ ಸಿಗುವ ಕಾಗದ. ಅರ್ಹತೆಯ ಬೀಗವನ್ನು ತೆರೆಯುವುದೂ ಅದೇ. ವಾಸದ ಇಷ್ಟು ವರ್ಷಗಳೇ ಸಾಕಾಗಬೇಕಿತ್ತು ಎಂದು ನಮಗೆ ಈಗಲೂ ಅನ್ನಿಸುತ್ತದೆ.

8ಎ ಹಾಕುವವರಿಗೆ ಇವುಗಳ ಜೊತೆ ಎರಡು ಅಫಿಡವಿಟ್. ಒಂದು, ಅರ್ಜಿಯಲ್ಲಿರುವುದೆಲ್ಲ ನಿಜವೆಂದು ಅರ್ಜಿದಾರರದು. ಇನ್ನೊಂದು, ಅರ್ಜಿದಾರರ ನಡತೆ ಒಳ್ಳೆಯದೆಂದು ಭಾರತೀಯ ಪೌರರೊಬ್ಬರದು. ಎರಡನೆಯದಕ್ಕೆ ಪೌರತ್ವದ ಬಗ್ಗೆ ಸಂಶಯವೇ ಇಲ್ಲದವರನ್ನು ಹಿಡಿಯಿರಿ. ನಮಗೆ ಅಕ್ಕಪಕ್ಕದ ಹಳ್ಳಿಯ ರೈತರು, ನಿವೃತ್ತ ಮೇಷ್ಟ್ರುಗಳು ಬಂದು ಸಹಿ ಹಾಕಿದರು. ಭತ್ತದ ನಾಟಿಯ ದಿನಗಳಲ್ಲೂ ಕೆಲಸ ಬಿಟ್ಟು ಬಂದರು. ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಒಂದು ಚೆನ್ನಾಗಿ ಬರುತ್ತದೆಂಬ ಘೋಷಣೆಯೂ ಅವರಿಗೆ ಬೇಕು. ಬಂಗಾಳಿ, ಕನ್ನಡ ಎರಡೂ ಆ 22ರಲ್ಲಿವೆ. ನಮ್ಮ ಮನೆಗಳಲ್ಲಿ ಬಹಳ ಜನ ಎರಡನ್ನೂ ಬರೆಸಿದರು.

ಖರ್ಚಿನ ಮಾತು: ಅರ್ಜಿ ಶುಲ್ಕ ದೊಡ್ಡದಲ್ಲ. ದುಡ್ಡು ಹೋಗುವುದು ಛಾಪಾ ಕಾಗದ, ನೋಟರಿ, ಅನುವಾದ, ಸ್ಕ್ಯಾನಿಂಗ್, ಬಸ್ಸು ಮತ್ತು ಕಳೆದುಕೊಂಡ ಕೂಲಿಗೆ. 2024ರಲ್ಲಿ ನಮ್ಮ ರಾಜ್ಯದ ಮುದ್ರಾಂಕ ದರ ಏರಿದ ಮೇಲೆ ಅಫಿಡವಿಟ್ ಛಾಪಾ 100 ರೂಪಾಯಿ. ಗಂಡ ಹೆಂಡತಿ ಇಬ್ಬರಿಗೂ ಎರಡೆರಡು ಅಫಿಡವಿಟ್, ಹೆಸರಿನ ವ್ಯತ್ಯಾಸಕ್ಕೆ ಮತ್ತೊಂದು, ಲೆಕ್ಕ ಹಾಕಿಕೊಳ್ಳಿ. ಸಿಎಎ ಮಾಡಿಸಿಕೊಡುತ್ತೇವೆಂದು ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗಳು ಎಲ್ಲ ಕಡೆ ಇದ್ದಾರೆ. ಅರ್ಜಿ ಹಾಕುವ ಸರ್ಕಾರಿ ಪೋರ್ಟಲಿನಲ್ಲಿ ಅವರು ಮಾಡುವುದನ್ನು ಡಿಗ್ರಿ ಓದುತ್ತಿರುವ ನಿಮ್ಮ ಮಗಳೂ ಮಾಡಬಲ್ಲಳು. ಸಂಶಯ ಬಂದರೆ 1032 ಸಂಖ್ಯೆಯ ಉಚಿತ ಸಹಾಯವಾಣಿ ಇದೆ.

ಹೆಸರಿನ ವ್ಯತ್ಯಾಸ ಸಣ್ಣದೆಂದು ಬಿಡಬೇಡಿ. ಬಂಗಾಳಿಯ ಬಿಸ್ವಾಸ್ ಕನ್ನಡದ ರೇಷನ್ ಕಾರ್ಡಿನಲ್ಲಿ ವಿಶ್ವಾಸ ಆಗಿರುತ್ತದೆ, ಮಂಡಲ್ ಒಂದು ಕಡೆ ಮೊಂಡಲ್. ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಒಬ್ಬರೇ ಮೂವರಾಗಿರುತ್ತಾರೆ. ಮೊದಲೇ ಒಂದು ಬರಹರೂಪ ಗೊತ್ತುಮಾಡಿ, ಉಳಿದವೆಲ್ಲ ಇದೇ ವ್ಯಕ್ತಿಯವೆಂದು ಅಫಿಡವಿಟ್ ಮಾಡಿಸಿ. 1971ಕ್ಕೆ ಮುಂಚೆ ಹುಟ್ಟಿದವರ ಹಳೆಯ ಕಾಗದದಲ್ಲಿ ‘ಪೂರ್ವ ಪಾಕಿಸ್ತಾನ’ ಎಂದಿರುತ್ತದೆ. ಎಲ್ಲ ಕಡೆ ಜಿಲ್ಲೆಯ ಹೆಸರು ಒಂದೇ ಇದ್ದರೆ ಗೊಂದಲ ಆಗುವುದಿಲ್ಲ. ವಿಳಾಸದಲ್ಲೂ ಎಚ್ಚರ: ಒಂದು ದಾಖಲೆಯಲ್ಲಿ ಕ್ಯಾಂಪಿನ ಸಂಖ್ಯೆ, ಇನ್ನೊಂದರಲ್ಲಿ ಕಂದಾಯ ಗ್ರಾಮದ ಹೆಸರು ಇರುತ್ತದೆ. ಎರಡನ್ನೂ ಸೇರಿಸಿ ಬರೆಯಿರಿ. ಒಟಿಪಿ ಬರುವ ಮೊಬೈಲು ಕೊನೆಯವರೆಗೂ ನಡೆಯುವಂಥದ್ದಿರಲಿ. ಬೆಂಗಳೂರಿಗೆ ದುಡಿಯಲು ಹೋದ ಮಗನ ನಂಬರು ಕೊಟ್ಟು, ಅವನು ಸಿಮ್ ಬದಲಿಸಿದರೆ ಹಾಜರಾಗುವ ದಿನದ ಸಂದೇಶ ತಪ್ಪಿಹೋಗುತ್ತದೆ.

ಅರ್ಜಿ ಹೋದ ಮೇಲೆ ಕಾಯುವುದು. ಈ ಪ್ರಕ್ರಿಯೆ ಜಿಲ್ಲಾಧಿಕಾರಿ ಕಚೇರಿಯ ಮೂಲಕ ಹೋಗುವುದಿಲ್ಲ, ಅಂಚೆ ಇಲಾಖೆಯ ಮೂಲಕ ಹೋಗುತ್ತದೆ; ತಹಸೀಲ್ದಾರರ ಕಚೇರಿಯಲ್ಲಿ ವಿಚಾರಿಸಿ ಫಲವಿಲ್ಲ. ಜಿಲ್ಲಾ ಸಮಿತಿಯ ಮುಖ್ಯಸ್ಥರು ಅಂಚೆ ಅಧೀಕ್ಷಕರು ಅಥವಾ ಹಿರಿಯ ಅಧೀಕ್ಷಕರು. ಅದರಲ್ಲಿ ಜಿಲ್ಲಾ ಮಾಹಿತಿ ಅಧಿಕಾರಿ, ಕೇಂದ್ರ ಸರ್ಕಾರದ ಒಬ್ಬ ಪ್ರತಿನಿಧಿ ಇರುತ್ತಾರೆ. ಜಿಲ್ಲಾಧಿಕಾರಿಯ ಪ್ರತಿನಿಧಿ ಮತ್ತು ರೈಲ್ವೆ ಸ್ಟೇಷನ್ ಮಾಸ್ತರರು ಆಹ್ವಾನಿತರು. ರಾಜ್ಯಮಟ್ಟದ ಅಧಿಕಾರಯುತ ಸಮಿತಿಗೆ ಜನಗಣತಿ ನಿರ್ದೇಶಕರು ಮುಖ್ಯಸ್ಥರು. ಅಂತಿಮ ತೀರ್ಮಾನ ಅಲ್ಲಿಯದು.

ಕರೆ ಬಂದ ದಿನ ಮೂಲ ದಾಖಲೆಗಳೊಂದಿಗೆ ಅರ್ಜಿದಾರರೇ ಹೋಗಬೇಕು. ಬೇರೆಯವರು ಹೋದರೆ ನಡೆಯುವುದಿಲ್ಲ. ಅವಕಾಶ ಕೊಟ್ಟರೂ ಹಾಜರಾಗದವರ ಅರ್ಜಿಯನ್ನು ತಿರಸ್ಕಾರದ ಪರಿಶೀಲನೆಗೆ ಮೇಲಕ್ಕೆ ಕಳಿಸುತ್ತಾರೆ. ನಡೆಯಲಾಗದ ಹಿರಿಯರಿದ್ದರೆ ಮಾನವಿ ಮೂಲಕ ರಾಯಚೂರಿಗೆ ಹೋಗುವ ಬಸ್ಸನ್ನು ನಂಬದೆ, ನಾಲ್ಕು ಮನೆ ಸೇರಿ ಒಂದು ಗಾಡಿ ಮಾಡಿಕೊಳ್ಳಿ. ಕಾಗದಗಳನ್ನು 1ಎ, 1ಬಿ, 1ಸಿ ಎಂದು ಬೇರೆ ಬೇರೆ ಕವರಿನಲ್ಲಿ, ಅಪ್‌ಲೋಡ್ ಮಾಡಿದ ಕ್ರಮದಲ್ಲೇ ಇಟ್ಟುಕೊಂಡಿರಿ. ಯಾವಾಗ ಬಂದಿರಿ, ಯಾರ ಜೊತೆ ಬಂದಿರಿ, ಮೊದಲು ಎಲ್ಲಿ ಇದ್ದಿರಿ ಎಂದು ಕೇಳಿದಾಗ ಹಿರಿಯರು ವರ್ಷವನ್ನು ಬರದ ವರ್ಷ, ದೊಡ್ಡ ಮಗ ಹುಟ್ಟಿದ ವರ್ಷ ಎಂದು ಹೇಳುತ್ತಾರೆ. ಅರ್ಜಿಯಲ್ಲಿ ಬರೆದ ಇಸವಿ ಯಾವುದೆಂದು ಅವರಿಗೆ ಮೊದಲೇ ಓದಿ ಹೇಳಿರಬೇಕು. ಅವರ ನೆನಪಿಗೆ ಒಗ್ಗದ ಇಸವಿಯನ್ನು ಅರ್ಜಿಯಲ್ಲಿ ತುಂಬುವುದಂತೂ ಬೇಡವೇ ಬೇಡ.

ಪರಿಶೀಲನೆ ಸರಿಬಂದರೆ ಅಲ್ಲೇ ನಿಷ್ಠೆಯ ಪ್ರಮಾಣ. ಕಾನೂನಿನಂತೆ ಸ್ಥಾಪಿತವಾದ ಭಾರತದ ಸಂವಿಧಾನಕ್ಕೆ ನಿಜವಾದ ಶ್ರದ್ಧೆ ಮತ್ತು ನಿಷ್ಠೆ ಹೊಂದಿರುತ್ತೇನೆ, ಭಾರತದ ಕಾನೂನುಗಳನ್ನು ಪಾಲಿಸುತ್ತೇನೆ, ಪೌರನಾಗಿ ಕರ್ತವ್ಯ ನೆರವೇರಿಸುತ್ತೇನೆ ಎಂಬುದು ಅದರ ಸಾರ. ಧರ್ಮದ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಅರ್ಹತೆಗೆ ಧರ್ಮ ಕೇಳಿದ ರಾಷ್ಟ್ರ, ನಿಷ್ಠೆ ಕೇಳುವಾಗ ಸಂವಿಧಾನದ ಹೆಸರಷ್ಟನ್ನೇ ಹೇಳಿಸುತ್ತದೆ. ಓದುಬರಹ ಬಾರದವರಿಗೆ ಈ ಮಾತುಗಳನ್ನು ಅವರ ಭಾಷೆಯಲ್ಲಿ ಮೊದಲೇ ವಿವರಿಸಿ. ಹೆಬ್ಬೆಟ್ಟು ಒತ್ತುವಾಗ ಎಷ್ಟೋ ಜನರ ಕೈ ನಡುಗುತ್ತದೆ, ಯಾವುದಕ್ಕೆಂದು ಗೊತ್ತಿದ್ದರೆ ಆ ನಡುಕಕ್ಕೂ ಗೌರವ ಇರುತ್ತದೆ.

ಪ್ರಮಾಣಪತ್ರ ಡಿಜಿಟಲ್ ರೂಪದಲ್ಲಿ ಬರುತ್ತದೆ. ಶಾಯಿಯ ಸಹಿಯಿರುವ ಪ್ರತಿ ಬೇಕಿದ್ದರೆ ಅದನ್ನು ಅರ್ಜಿ ತುಂಬುವಾಗಲೇ ಆರಿಸಬೇಕು.

ವದಂತಿಯೊಂದನ್ನು ಇಲ್ಲಿ ತಿದ್ದಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಆದೇಶದ ನಂತರ ‘ಕೊನೆಯ ದಿನಾಂಕ 2024ಕ್ಕೆ ಏರಿತು’ ಎಂದು ಕ್ಯಾಂಪುಗಳಲ್ಲಿ ಸುದ್ದಿ ಹಬ್ಬಿತು. ಆ ಆದೇಶ, ಇವೇ ಆರು ಸಮುದಾಯದವರು 2024ರ ಡಿಸೆಂಬರ್ 31ರವರೆಗೆ ಬಂದಿದ್ದರೆ ದಾಖಲೆ ಇಲ್ಲದ ಕಾರಣಕ್ಕೆ ಶಿಕ್ಷೆ, ಗಡೀಪಾರು ಇಲ್ಲ ಎಂದು ವಿನಾಯಿತಿ ಕೊಟ್ಟದ್ದು. ಅದು ಇರಲು ಬಿಡುವ ಆದೇಶ, ಪೌರತ್ವದ್ದಲ್ಲ. ಪೌರತ್ವದ ಗಡುವು 2014ರ ಡಿಸೆಂಬರ್ 31 ಆಗಿಯೇ ಇದೆ.

ಪೌರತ್ವದ ಪತ್ರದಿಂದ ಜಾತಿ ಪ್ರಮಾಣಪತ್ರ ಸಿಗುವುದಿಲ್ಲ. ಪಶ್ಚಿಮ ಬಂಗಾಳದಲ್ಲಿ ನಮಶೂದ್ರರು ಪರಿಶಿಷ್ಟ ಜಾತಿ. ಇಲ್ಲಿ ಆ ಬೇಡಿಕೆ ಹಳೆಯದು, ಅದರ ಹೋರಾಟ ಬೇರೆ. ಪ್ರಮಾಣಪತ್ರ ಬಂದ ಮೇಲೆ ಮೂರು ಮುದ್ರಿತ ಪ್ರತಿ ತೆಗೆಸಿ, ಒಂದನ್ನು ಲ್ಯಾಮಿನೇಟ್ ಮಾಡದೆ ಇಡಿ. ಅರ್ಜಿಗೆ ಕೊಟ್ಟ ಪ್ರತಿಯೊಂದು ಕಾಗದವನ್ನೂ ಅದರ ಜೊತೆಗೇ ಕಟ್ಟಿಡಿ. 1987ರ ನಂತರ ಹುಟ್ಟಿದ ಮಕ್ಕಳು ಅರ್ಜಿ ಹಾಕುವಾಗ ಅದೇ ಕಟ್ಟು ಮತ್ತೆ ಬೇಕಾಗುತ್ತದೆ.